ಆಷಾಢದ ಗಾಳಿಯೂ ನನ್ನ ಮಗಳ ಮೂಗೂ

ಕುಣಿಗಲ್ಲಿನಲ್ಲಿ ನಮ್ಮ ಅಮ್ಮನ ಮನೆ ಕೆರೆಯ ಕಡೆಗೆ ಮುಖ ಮಾಡಿಕೊಂಡಿದೆ. ಆಷಾಢ ಬಂತೆಂದರೆ ಸಾಕು, ನೀರಿನ ಮೇಲಿಂದ ಬರುವ ಗಾಳಿ ಬಾಗಿಲನ್ನು ದಬದಬ ಬಡಿಯುತ್ತದೆ. ನಮ್ಮ ಕಡೆ ಆಗ ಮಳೆ ಸುರಿಯುವುದು ಕಡಿಮೆ. ಮೋಡಗಳು ಘಟ್ಟದಲ್ಲೇ ಎಲ್ಲ ಸುರಿದು ಮುಗಿಸಿ, ನಮಗೆ ಜಿಟಿಜಿಟಿ ಹನಿ, ಥಂಡಿ, ಗಾಳಿ ಇಷ್ಟನ್ನು ಉಳಿಸಿಕೊಂಡು ಬರುತ್ತವೆ. ಒಗೆದ ಬಟ್ಟೆ ಒಣಗುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಹಸಿ ಬಾಣಂತಿಯಾಗಿ ಆ ಮನೆಯಲ್ಲಿದ್ದೆ.

ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸ್. ತುಮಕೂರಿನ ಹೈಸ್ಕೂಲಿನಲ್ಲಿ ಮಕ್ಕಳನ್ನು ಗದರಿಸಿ ಕೂರಿಸುವವಳು ನಾನು. ಅಮ್ಮನ ಮುಂದೆ ಮಾತ್ರ ನನ್ನ ಆಟ ನಡೆಯಲಿಲ್ಲ. ಕಿಟಕಿಯ ವಿಷಯಕ್ಕೆ ದಿನಾ ಜಗಳ ಆಡುತ್ತಿದ್ದೆ, ದಿನಾ ಸೋಲುತ್ತಿದ್ದೆ.

"ಮುಚ್ಚೇ ಅದನ್ನ! ಕೆರೆ ಗಾಳಿ ಮಗೂಗೆ ಹೊಡದ್ರೆ ಏನ್ ಗತಿ?"

"ಉಸಿರು ಕಟ್ತಾ ಇದೆ ಕಣಮ್ಮ. ಸಾಂಬ್ರಾಣಿ ಹೊಗೆ ಬೇರೆ ತುಂಬ್ಸಿದೀಯ."

"ಬಾಣಂತಿಗೆ ಇಷ್ಟು ಬಾಯಿ ಇರಬಾರ್ದು, ಸುಮ್ನೆ ಮಲಕ್ಕೊ."

ಪಕ್ಕದ ಮನೆಯ ಮಗುವಿಗೆ ನೆಗಡಿಯಾದ ದಿನ ಅಮ್ಮ ತೀರ್ಮಾನ ಮಾಡಿಬಿಟ್ಟಳು. ಇದು ಕೆರೆ ಗಾಳಿಯದೇ ಕೆಲಸ, ಇಲ್ಲಿ ಇರುವುದು ಬೇಡ, ಗುಬ್ಬಿಗೆ ಹೋಗೋಣ. ಗುಬ್ಬಿಯಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಇದ್ದಾರೆ. ಅವರ ಮನೆ ಇಕ್ಕಟ್ಟಿನ ಬೀದಿಯಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿದೆ. ನಡುಮನೆಗೆ ಕಿಟಕಿಯೇ ಇಲ್ಲ. ಅಮ್ಮನ ಲೆಕ್ಕದಲ್ಲಿ ಬಾಣಂತಿಗೆ ಅದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇರಲಿಲ್ಲ. ನನ್ನ ಗಂಡ ತುಮಕೂರಿನ ಪಕ್ಕದ ಅಂತರಸನಹಳ್ಳಿಯಲ್ಲಿ ಕೆಲಸ ಮಾಡುವವನು. ಅವನಿಗೂ ಇದು ಹಿಡಿಸಿತು. "ಕುಣಿಗಲ್ಲಿಗಿಂತ ಗುಬ್ಬಿ ಹತ್ರ ಅತ್ತೆ, ಡ್ಯೂಟಿ ಮುಗಿಸ್ಕೊಂಡು ಗಾಡೀಲಿ ಬಂದು ಮಗಳ ಮುಖ ನೋಡ್ಕೊಂಡು ಹೋಗ್ಬೋದು" ಅಂದ. ನನ್ನನ್ನು ಯಾರೂ ಕೇಳಲಿಲ್ಲ. ಬಾಡಿಗೆ ಕಾರಿನಲ್ಲಿ, ಗಾಜು ಏರಿಸಿಕೊಂಡು, ಗಾಳಿಗೆ ಹೆದರಿ ಓಡಿಹೋದೆವು.

ಗುಬ್ಬಿಯಲ್ಲಿ ಗಾಳಿ ಬರಲಿಲ್ಲ, ಜನ ಬಂದರು. ಹೊರಗೆ ಹನಿ ಹಿಡಿದುಕೊಂಡಿದ್ದರಿಂದ ಬಂದವರು ಜಗಲಿಯಲ್ಲಿ ಕೂರದೆ ಸೀದಾ ನಡುಮನೆಗೆ ಬಂದು ಕೂರುತ್ತಿದ್ದರು. ಹಾಗಲವಾಡಿಯಿಂದ ನೆಂಟರು ಬಂದರು, ಬೀದಿಯವರು ಬಂದರು. ಚಪ್ಪಲಿಯನ್ನು ತಪ್ಪದೆ ಹೊರಗೆ ಬಿಟ್ಟು, ಕೆಮ್ಮನ್ನು ಜೊತೆಯಲ್ಲೇ ಒಳಗೆ ತರುತ್ತಿದ್ದರು. ಹಾಲಿನ ಪ್ಯಾಕೆಟ್ಟಿಗೆ ಸ್ಯಾನಿಟೈಸರ್ ಹೊಡೆದು ಒಳಗೆ ತಂದುಕೊಂಡಿದ್ದ ಜನವೇ ಇವರೆಲ್ಲ. ಆದರೆ ಅದು ಕೊರೊನಾ, ಇದು ಬರೀ ಶೀತ. ನಮ್ಮಲ್ಲಿ ಶೀತಕ್ಕೆ ಕಾರಣ ಮನುಷ್ಯರಲ್ಲ. ಒಬ್ಬರಿಗೆ ನೀರು ಬದಲಾಗಿರುತ್ತದೆ, ಇನ್ನೊಬ್ಬರು ಹನಿಯಲ್ಲಿ ನೆನೆದಿರುತ್ತಾರೆ, ಮತ್ತೊಬ್ಬರು ಸೀಬೆಹಣ್ಣು ತಿಂದಿರುತ್ತಾರೆ. ತಪ್ಪು ಹವೆಯದ್ದು ಅಂದಮೇಲೆ ಸೀನುವವರು ಮಗುವನ್ನು ಎತ್ತಿಕೊಳ್ಳುವುದಕ್ಕೆ ಯಾಕೆ ಹಿಂಜರಿಯಬೇಕು?

ದೊಡ್ಡಮ್ಮನಿಗೂ ಮೂಗು ಸೋರುತ್ತಿತ್ತು. ಕೇಳಿದ್ದಕ್ಕೆ, "ಏನಿಲ್ಲ ಕಣೇ, ಹವಾ ಬದಲಾಗೈತೆ, ಅದ್ಕೆ" ಅಂದರು. ಆ ಬೀದಿಯ ಅರ್ಧ ಮಕ್ಕಳಿಗೆ ನೀರು ಎರೆದ ಕೈ ಅವರದು. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹುಯ್ಯುತ್ತಿದ್ದರೆ ನೋಡುವುದಕ್ಕೇ ಚೆಂದ. ಒರೆಸಿದ ಮೇಲೆ ಮಗುವಿನ ಕಿವಿಗೆ ಉಫ್ ಎಂದು ಊದುವರು. ಆಮೇಲೆ ಮೂಗಿನ ಎರಡೂ ಹೊಳ್ಳೆಗೆ ಬಾಯಿಟ್ಟು ಊದುವರು. ಒಳಗೆ ನೀರು ನಿಂತರೆ ಶೀತ ಆಗುತ್ತದೆ ಎಂದು. ಊದಿ ಆದಮೇಲೆ ತಮ್ಮ ಮೂಗನ್ನು ಸೆರಗಿಗೆ ಒರೆಸಿಕೊಳ್ಳುವರು.

ಕೆಲವೇ ದಿನಕ್ಕೆ ಮಗಳ ಮೂಗು ಕಟ್ಟಿತು. ಸಣ್ಣ ಕೆಮ್ಮು ಬಂತು. ಒಂದು ಬೆಳಗ್ಗೆ ಎದೆಗೆ ಹಾಕಿಕೊಂಡರೆ ಎರಡು ಗುಟುಕು ಎಳೆದು ಬಿಟ್ಟುಬಿಟ್ಟಳು. ಮತ್ತೆ ಹಾಕಿದೆ, ಮತ್ತೆ ಬಿಟ್ಟಳು. ಬಟ್ಟೆ ಬಿಚ್ಚಿ ನೋಡಿದರೆ ಉಸಿರು ಎಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ. ಅಳುವುದಕ್ಕೆ ಬಾಯಿ ತೆರೆಯುತ್ತಾಳೆ, ದನಿ ಬರುವುದಿಲ್ಲ.

"ಅಯ್ಯೋ ಶಿವನೇ, ಗಾಳಿ ಇಲ್ಲಿಗೂ ಬಂತಲ್ಲೇ" ಅಂದಳು ಅಮ್ಮ.

"ಈ ಮನೇಲಿ ಗಾಳಿ ಬರೋಕೆ ಜಾಗ ಎಲ್ಲಮ್ಮ ಇದೆ? ಸುಮ್ನಿರು, ಹೊರಡು!" ಎಂದು ಕಿರುಚಿದೆ.

ಗಂಡನಿಗೆ ಫೋನ್ ಮಾಡಿ, ಸಿಕ್ಕಿದ ಆಟೊ ಹತ್ತಿ ತುಮಕೂರಿನ ಆಸ್ಪತ್ರೆಗೆ ಹೊರಟೆವು. ನಾನು, ಅಮ್ಮ, ದೊಡ್ಡಮ್ಮ. ದಾರಿಯುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ, ಮಗಳ ಎದೆ ಏರುತ್ತಿದೆಯಾ ಎಂದು ನೋಡುವುದು. ಏರಿದರೆ ಇಳಿಯುತ್ತದಾ ಎಂಬ ಭಯ, ಇಳಿದರೆ ಮತ್ತೆ ಏರುತ್ತದಾ ಎಂಬ ಭಯ. ನನ್ನ ಗಂಡ ಆಸ್ಪತ್ರೆ ಬಾಗಿಲಲ್ಲಿ ಹೆಲ್ಮೆಟ್ ಕೂಡ ತೆಗೆಯದೆ ನಿಂತಿದ್ದ.

ಮಕ್ಕಳ ಡಾಕ್ಟರ್ ನನ್ನ ವಯಸ್ಸಿನ ಹೆಂಗಸು, ಮಾತು ಚುರುಕು. ಮಗಳ ಮೂಗಿಗೆ ಸಣ್ಣ ಕೊಳವೆ ಇಟ್ಟು ಆಕ್ಸಿಜನ್ ಕೊಡಿಸಿ, ಕಟ್ಟಿದ ಸಿಂಬಳ ತೆಗೆಸಿ, ಆಮೇಲೆ ನಮ್ಮ ಕಡೆ ತಿರುಗಿದರು. "ವೈರಸ್ದು. ದೊಡ್ಡವರಿಗೆ ಬರೀ ನೆಗಡಿ ಆಗಿ ಹೋಗುತ್ತೆ. ಇಷ್ಟು ಎಳೆ ಮಗುಗೆ ಶ್ವಾಸನಾಳ ಸಣ್ಣದಲ್ವಾ, ಊದಿಕೊಂಡ್ರೆ ಕಷ್ಟ. ಸರಿಯಾದ ಟೈಮಿಗೆ ತಂದಿದೀರ, ನೋಡ್ಕೋತೀವಿ. ಮನೇಲಿ ಯಾರಿಗಾದ್ರೂ ನೆಗಡಿ ಇತ್ತಾ?"

"ಇಲ್ಲ ಡಾಕ್ಟ್ರೇ, ಯಾರಿಗೂ ಇಲ್ಲ" ಅಂದಳು ಅಮ್ಮ. "ಹವಾ ಬದಲಾಗಿ ಎಲ್ಲರಿಗೂ ಒಸಿ ಶೀತ, ಅಷ್ಟೇ."

"ಎಲ್ಲರಿಗೂ ಅಂದ್ರೆ?"

"ಎಲ್ಲರಿಗೂ."

ಡಾಕ್ಟರ್ ಹಣೆ ಒತ್ತಿಕೊಂಡರು. "ಮಗುಗೆ ನೀರು ಎರೆಯೋರು ಯಾರು? ಮೂಗಿಗೆ ಊದ್ತಾರಾ?"

ಹಿಂದೆ ನಿಂತಿದ್ದ ದೊಡ್ಡಮ್ಮ, "ಊದ್ತೀನಿ. ನಾನೇ" ಅಂದರು. ಅಂದವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ವಾರ್ಡಿನಿಂದ ಹೊರಗೆ ಹೋಗಿಬಿಟ್ಟರು.

"ಹಂಗಾದ್ರೆ ಗಾಳೀದು ಏನೂ ತಪ್ಪಿಲ್ವಾ?" ಅಮ್ಮನ ದನಿ ಬೇಡಿಕೊಳ್ಳುವಂತಿತ್ತು. ಡಾಕ್ಟರಿಗೆ ಅದು ಗೊತ್ತಾಯಿತು ಅಂತ ಕಾಣುತ್ತದೆ, ಮೆತ್ತಗೆ ಹೇಳಿದರು. "ಹವಾದ್ದೂ ಕೈವಾಡ ಇದೆ ಅಮ್ಮ. ಮಳೆ ಥಂಡಿ ಶುರುವಾಯ್ತು ಅಂದ್ರೆ ನಮ್ಮ ವಾರ್ಡು ತುಂಬುತ್ತೆ, ವರ್ಷಾ ವರ್ಷಾ ಇದೇ ಕಥೆ. ಎಲ್ಲರೂ ಬಾಗಿಲು ಹಾಕ್ಕೊಂಡು ಒಂದೇ ರೂಮಲ್ಲಿ ಸೇರ್ತೀರಲ್ಲ, ವೈರಸ್ಸಿಗೆ ಅದು ಹಬ್ಬ. ಹೊರಗೆ ಬೀಸೋ ಗಾಳಿ ಅದನ್ನ ಚದುರಿಸಿಬಿಡುತ್ತೆ. ಒಳಗೆ ನಿಂತಿರೋ ಗಾಳಿ ಹಿಡಿದಿಟ್ಕೊಳ್ಳುತ್ತೆ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಯಾವ ಗಾಳಿಗೆ ಹೆದರಿ ಊರು ಬಿಟ್ಟು ಓಡಿದೆವೋ ಅದು ಪಾಪ, ಕೆರೆಯ ಮೇಲೆ ತನ್ನ ಪಾಡಿಗೆ ಬೀಸಿಕೊಂಡಿತ್ತು. ಮಂಚದ ಪಕ್ಕ ಕೂತು ನನ್ನ ಕ್ಲಾಸ್ ರೂಮನ್ನು ನೆನೆಸಿಕೊಂಡೆ. ಹನಿ ಬಿತ್ತು ಅಂದರೆ ಮಕ್ಕಳು ಓಡಿಹೋಗಿ ಮೊದಲು ಮಾಡುವುದು ಕಿಟಕಿ ಮುಚ್ಚುವ ಕೆಲಸ. ಅದಾದ ವಾರಕ್ಕೆ ಬೆಂಚುಗಳು ಖಾಲಿ ಖಾಲಿ. ಮಳೆಯಲ್ಲಿ ನೆನೆದಿರಬೇಕು ಎಂದುಕೊಂಡು ನಾವು ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಟೀ ಕುಡಿಯುತ್ತೇವೆ.

ದೊಡ್ಡಮ್ಮನ ಮೇಲೆ ನನಗೆ ಕೆಟ್ಟ ಕೋಪ ಬಂದಿತ್ತು. ಕೊಳವೆ ಅಂಟಿಸಿಕೊಂಡ ಆ ಪುಟ್ಟ ಮೂತಿ ನೋಡಿದಾಗೆಲ್ಲ ಅದು ಇನ್ನಷ್ಟು ಏರುತ್ತಿತ್ತು. ಅವರು ಮನೆಗೆ ಹೋಗಲಿಲ್ಲ, ಒಳಗೂ ಬರಲಿಲ್ಲ. ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಕೂತೇ ಇದ್ದರು. ನನ್ನ ಗಂಡ ಊಟ ತೆಗೆದುಕೊಂಡು ಹೋದರೆ ಬೇಡ ಅಂದರಂತೆ. "ಶೀತ ಆಗದಿರ್ಲಿ ಅಂತ್ಲೇ ಊದಿದ್ದು ಕಣಪ್ಪ" ಎಂದು ಅದನ್ನೇ ಹೇಳುತ್ತಿದ್ದರಂತೆ. ಅವನು ಬಂದು ಇದನ್ನು ಹೇಳಿದಾಗ ನಾನು ಬೇಕೆಂದೇ ಆ ಕಡೆ ತಿರುಗಿಕೊಂಡೆ. ಆದರೆ ಕೋಪ ಮೊದಲಿನಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ಔಷಧಿ ಅಂತ ಹೆಚ್ಚೇನೂ ಇರಲಿಲ್ಲ. ಆಕ್ಸಿಜನ್, ಹಿಂಡಿ ಕೊಳವೆಯಲ್ಲಿ ಬಿಟ್ಟ ಎದೆಹಾಲು, ಕಾಯುವುದು. ಕಾಯುವುದಕ್ಕಿಂತ ದೊಡ್ಡ ಶಿಕ್ಷೆ ನನ್ನಂಥ ಸಿಡುಕಿಗೆ ಇನ್ನೊಂದಿಲ್ಲ. ಕೆಲವು ದಿನ ಕಳೆದ ಮೇಲೆ ಪಕ್ಕೆಯ ಗುಳಿ ಮೆಲ್ಲಗೆ ತುಂಬಿಕೊಂಡಿತು. ಒಂದು ಬೆಳಗ್ಗೆ ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಕೊಳವೆಗಳನ್ನು ತೆಗೆಸಿ, "ಹಾಲು ಕೊಟ್ಟು ನೋಡಿ" ಅಂದರು. ಮಗಳನ್ನು ಎದೆಗೆ ಹಾಕಿಕೊಂಡೆ. ಒಂದು ಗುಟುಕು ಎಳೆದಳು. ಎರಡು. ಈಗ ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ, ಗುಟುಕ್ ಗುಟುಕ್ ಎಂದು ಎಳೆಯುತ್ತಲೇ ಇದ್ದಳು. ಅಮ್ಮ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅತ್ತಳು, ನಾನೂ ಅತ್ತೆ. ಬದುಕಿದೆವಪ್ಪ ಅನ್ನಿಸಿತು.

ತೂಕ ನೋಡಬೇಕು ಎಂದು ಸಿಸ್ಟರ್ ಅವಳನ್ನು ಎದೆಯಿಂದ ಬಿಡಿಸಿದರು ನೋಡಿ, ಬಂತು ಕೋಪ! ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು ಚೀರಿದಳು. ಸಾಕ್ಷಾತ್ ನನ್ನ ಮಗಳೇ. ವಾರ್ಡಿನವರೆಲ್ಲ ತಿರುಗಿ ನೋಡಿ ನಕ್ಕರು.

ಹೊರಗೆ ಬೆಂಚು ಸರಿದ ಸದ್ದಾಯಿತು. ದೊಡ್ಡಮ್ಮ ಬಾಗಿಲಿನಿಂದ ಆಚೆಗೇ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೊಸ್ತಿಲು ದಾಟಲಿಲ್ಲ.

"ಅದು ನಮ್ದೇನೇ?" ಎಂದು ಕೇಳಿದರು.

"ನಮ್ದೇ ದೊಡ್ಡಮ್ಮ."

"ಸುಮ್ನಾಗುಸ್ಬ್ಯಾಡ ಬುಡು" ಅಂದರು. ಗೋಡೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. "ಒಂಚೂರು ಅಳ್ಲಿ. ಕೇಳ್ಕೊತೀನಿ."