ಸಹಿಗೆ ಮೊದಲೇ ಒಳಹೋದ ಅನ್ನದ ಕುಕ್ಕರ್

ತಾಕ್ ಮಿರಾನ್ ಬಾಯಿಂದ ಒಂದು ಸವಿ ಮಾತು ಬಂದದ್ದನ್ನು ನಾನು ಕೇಳಿಲ್ಲ. ಅಮೆರಿಕದ ಡುಲೂತ್ ಊರಿನ ನಮ್ಮ ಕೊರಿಯನ್ ಜನಕ್ಕೆ ಮನೆ ಕೊಡಿಸುವ ಏಜೆಂಟ್ ಅವಳು. ಅವಳ ಆಫೀಸೂ ನನ್ನ ಕಿಮ್ಚಿ ಉಪ್ಪಿನಕಾಯಿ ಅಂಗಡಿಯೂ ಒಂದೇ ಸಾಲಿನಲ್ಲಿವೆ. ಬೇರೆ ಏಜೆಂಟರು ಬಿಸಿಲು ಚೆನ್ನಾಗಿ ಬೀಳುತ್ತದೆ, ಸ್ಕೂಲು ಹತ್ತಿರ ಎಂದು ಹೊಗಳುತ್ತಾ ಮನೆ ತೋರಿಸುತ್ತಾರೆ. ಇವಳು ಬಾಗಿಲಲ್ಲಿ ಶೂ ಬಿಚ್ಚಿ, ಚೀಲದಿಂದ ಮನೆಚಪ್ಪಲಿ ತೆಗೆದು ಮೆಟ್ಟಿಕೊಂಡು, ನೆಟ್ಟಗೆ ಬಚ್ಚಲಿಗೆ ಹೋಗಿ, "ಇಲ್ಲಿ ಸೋರಿದೆ, ಮೇಲೆ ಬಣ್ಣ ಬಳಿದಿದಾರೆ" ಎನ್ನುತ್ತಾಳೆ. ಇಂಗ್ಲಿಷ್ ಕರಾರನ್ನು ಸಾಲುಸಾಲಾಗಿ ಕೊರಿಯನ್‌ನಲ್ಲಿ ಹೇಳುವಾಗಲೂ ಕೈ ಕಚ್ಚುವ ಸಾಲೇ ಮೊದಲು. ಎಷ್ಟೋ ಗಿರಾಕಿಗಳು ಬೇಸತ್ತು ಬೇರೆಯವರ ಹತ್ತಿರ ಹೋದರು. ಇವಳಿಗೆ ವ್ಯಾಪಾರ ಗೊತ್ತಿಲ್ಲ ಎಂದೇ ನಾನೂ ಮೂಗು ಮುರಿಯುತ್ತಿದ್ದೆ.

ಮಾಲ್‌ಸುಕ್ ಅಜ್ಜಿ ಮಾತ್ರ ಅವಳನ್ನು ಬಿಡಲಿಲ್ಲ. ಕೊರಿಯಾದ ಇಂಚನ್‌ನಲ್ಲಿ ಗಂಡಹೆಂಡತಿ ಜೀವಮಾನದ ಗಳಿಕೆಯೆಲ್ಲ ಸುರಿದು ಒಂದು ಮನೆಯನ್ನು ಭೋಗ್ಯಕ್ಕೆ ಹಿಡಿದಿದ್ದರು. ಮಾಲೀಕ ಅದನ್ನು ಆಗಲೇ ಬ್ಯಾಂಕಿಗೆ ಅಡವಿಟ್ಟಿದ್ದ. ಹರಾಜಾಯಿತು. ಸಮವಸ್ತ್ರದವರು ಬಂದು, ಒಲೆಯ ಮೇಲಿದ್ದ ಪಾತ್ರೆಯ ಸಮೇತ ಸಾಮಾನನ್ನೆಲ್ಲ ಬೀದಿಗಿಟ್ಟರು. ಮುದುಕ ಆ ಕೊರಗಿನಲ್ಲೇ ಹೋದ. ಇಲ್ಲಿದ್ದ ಅಜ್ಜಿಯ ತಮ್ಮ ಸಾಯುವಾಗ ಅಕ್ಕನ ಹೆಸರಿಗೆ ಒಂದಿಷ್ಟು ಹಣ ಬಿಟ್ಟಿದ್ದ. ಅದರಲ್ಲಿ ಸಾಯುವ ಮುನ್ನ ತನ್ನದು ಎನ್ನುವ ಒಂದು ಅಡಿಗೆಮನೆ ಬೇಕು ಎನ್ನುವುದೊಂದೇ ಅಜ್ಜಿಯ ಆಸೆ. ಮಿರಾನ್ ಹುಡುಕಿ ಹುಡುಕಿ ಒಂದು ಪುಟ್ಟ ಮನೆ ಗೊತ್ತುಮಾಡಿದಳು. ಹಾರ್ಲನ್ ಎನ್ನುವ ವಿಧುರನ ಮನೆ. ಅವನು ಆಗಲೇ ಖಾಲಿ ಮಾಡಿ ಹೋಗಿದ್ದ. ಮಿರಾನ್ ಪರೀಕ್ಷಕನನ್ನು ಕರೆತಂದಳು, ಬೇರೆ ಯಾರ ಸಾಲವೂ ಅದರ ಮೇಲಿಲ್ಲವೆಂದು ವಕೀಲರಿಂದ ಪತ್ರ ತೆಗೆಸಿದಳು, ಕೆಟ್ಟುಹೋಗಿದ್ದ ನೀರಿನ ಹೀಟರನ್ನು ಹಾರ್ಲನ್ ಖರ್ಚಿನಲ್ಲೇ ಬದಲಿಸುವಂತೆ ಮಾಡಿದಳು. ಆದರೂ ಅಜ್ಜಿಯ ದಿಗಿಲು ಇಳಿಯಲಿಲ್ಲ. ದಿನಾ ಸಂಜೆ ನನ್ನ ಅಂಗಡಿಗೆ ಬಂದು ಕೂತು, ಮಿರಾನ್ ಬಂದೊಡನೆ ಕೇಳುವರು.

"ಮನೆ ಇನ್ನೂ ಅಲ್ಲೇ ಇದೆಯೇನೇ ಮಿರಾನಾ?"

"ಇದೆ ಅಜ್ಜಿ. ಆದ್ರೆ ನಿಮ್ದಲ್ಲ ಇನ್ನೂ. ಸಹಿ ಆಗೋವರ್ಗೂ ಅವನು ಏನ್ ಬೇಕಾದ್ರೂ ಕಿರಿಕ್ ತೆಗೀಬಹುದು."

"ಸ್ವಲ್ಪ ಸಮಾಧಾನವಾಗಿ ಹೇಳಬಾರದೇನೇ, ನಿನ್ ನಾಲಿಗೆಗೆ ಬೇವು ತಿನ್ನಿಸಿದಾರಾ?" ಎಂದು ನಾನು ರೇಗಿದರೆ, "ಸಮಾಧಾನ ಹೇಳಿದವರೇ ಅಕ್ಕ, ಇವರನ್ನ ಬೀದಿಗೆ ಹಾಕಿದ್ದು" ಎಂದಳು.

ಸಹಿ ಶುಕ್ರವಾರಕ್ಕೆ ನಿಗದಿಯಾಯಿತು. ಅಜ್ಜಿ ಚಾಂದ್ರಮಾನ ಕ್ಯಾಲೆಂಡರ್ ನೋಡಿ ಕಂಗಾಲಾದರು. ದಿಕ್ಕುದಿಕ್ಕಿಗೆ ಅಲೆದು ಕಾಡುವ ಪೀಡೆಗಳು ಆಕಾಶಕ್ಕೆ ಹೋಗಿರುವ ದಿನದಲ್ಲೇ ನಾವು ಮನೆ ಬದಲಿಸುವುದು. ಅಂಥ ದಿನಗಳು ಬುಧವಾರಕ್ಕೆ ಮುಗಿಯುತ್ತಿದ್ದವು. ಆವತ್ತು ಅನ್ನದ ಕುಕ್ಕರನ್ನಾದರೂ ಮೊದಲು ಒಳಗಿಟ್ಟುಬಿಟ್ಟರೆ, ಆಮೇಲೆ ಯಾವತ್ತು ಹೋದರೂ ದೋಷವಿಲ್ಲ ಎಂದರು.

"ಬೇಡ ಅಜ್ಜಿ. ಸಹಿಗೆ ಮೊದಲು ಹೊಸಿಲು ದಾಟಿದ್ರೆ ಅದು ಕಳ್ಳತನದ ಲೆಕ್ಕ. ಕರಾರೇ ಮುರಿದು ಹೋಗುತ್ತೆ" ಎಂದಳು ಮಿರಾನ್. ಅಜ್ಜಿ ತಲೆಯಾಡಿಸಿದರು. ಆದರೆ ಹೊಸ ಹೀಟರ್ ನೋಡಲು ಅವಳ ಜೊತೆ ಹೋದಾಗ, ಹಿಂಬಾಗಿಲ ಚಿಲಕವನ್ನು ಮೆಲ್ಲನೆ ಎತ್ತಿಟ್ಟು ಬಂದಿದ್ದರು. ಅದು ನಮಗೆ ತಿಳಿದದ್ದು ಆಮೇಲೆ.

ಬುಧವಾರ ಮಧ್ಯಾಹ್ನ ಮಿರಾನ್ ನನ್ನ ಅಂಗಡಿಯಲ್ಲಿ ಊಟಕ್ಕೆ ಕೂತಿದ್ದಳು. ಹಾರ್ಲನ್ ಕಡೆಯ ಏಜೆಂಟನ ಫೋನ್ ಬಂತು. ಖಾಲಿ ಮನೆಗೆ ಹಿಂದಿನಿಂದ ಯಾರೋ ನುಗ್ಗಿದ್ದಾರೆ, ಕೈಯಲ್ಲಿ ಏನೋ ಗಂಟಿದೆ, ಪಕ್ಕದವರು ಪೊಲೀಸರಿಗೆ ಹೇಳಿದ್ದಾರೆ. ಅವಳು ತಟ್ಟೆ ಸರಿಸಿ ಎದ್ದಳು. ನಾನು ಏಪ್ರನ್ ಕೂಡ ಬಿಚ್ಚದೆ ಅವಳ ಕಾರು ಹತ್ತಿದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬಾರದು.

ಹೋಗಿ ನೋಡಿದರೆ ಹಿತ್ತಲಲ್ಲಿ ಇಬ್ಬರು ಪೊಲೀಸರು, ಇಬ್ಬರ ಕೈಯಲ್ಲೂ ಪಿಸ್ತೂಲು. ಬಾಗಿಲಲ್ಲಿ ಅಜ್ಜಿ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕುಕ್ಕರನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡಿದ್ದರು. ವೈರು ಗಂಟಿನಿಂದ ಈಚೆ ಜೋತಾಡುತ್ತಿತ್ತು. ಕೆಳಗಿಡು, ಕೆಳಗಿಡು ಎಂದು ಅವರು ಕೂಗಿದಷ್ಟೂ ಅಜ್ಜಿ ಬಿಗಿಯಾಗಿ ಹಿಡಿಯುತ್ತಿದ್ದರು.

"ಈ ಸಲ ನಾನು ಹೋಗಲ್ಲ. ಎಳೆದು ಹಾಕಿ, ಹೋಗಲ್ಲ" ಎಂದು ನಮ್ಮ ಭಾಷೆಯಲ್ಲಿ ಅದನ್ನೇ ಹೇಳುತ್ತಿದ್ದರು.  ಗುಂಡಿನ ಸದ್ದು ಈಗ ಕೇಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

ಮಿರಾನ್ ಎರಡೂ ಕೈ ಮೇಲೆತ್ತಿ ನಡೆದಳು. ಪೊಲೀಸರಿಗೆ ಇಂಗ್ಲಿಷ್‌ನಲ್ಲಿ, ಅದು ಅನ್ನ ಮಾಡುವ ಪಾತ್ರೆ, ಆಕೆಗೆ ಭಾಷೆ ಬರುವುದಿಲ್ಲ, ಆಕೆಯ ಪರವಾಗಿ ಮನೆ ಕೊಡಿಸುತ್ತಿರುವವಳು ನಾನು ಎಂದಳು. ಅಲ್ಲೇ ನಿಲ್ಲು ಎಂದು ಅವರು ಗದರಿದರು. ನಿಂತಳು. ಒಂದು ಪಿಸ್ತೂಲು ಈಗ ಅವಳ ಕಡೆ ತಿರುಗಿತ್ತು.

"ಅಜ್ಜಿ, ಈ ಮನೆ ನಿಮ್ದಲ್ಲ" ಎಂದಳು. ದಿನಾ ಸಂಜೆಯ ಅದೇ ದನಿ. "ನೀವು ತಪ್ಪು ಮಾಡಿದೀರಿ. ಇವರು ಹರಾಜಿನವರಲ್ಲ, ನಿಮ್ಮ ಸಾಮಾನು ಮುಟ್ಟಲ್ಲ. ಆದ್ರೆ ಅದನ್ನ ಕೆಳಗಿಡದಿದ್ರೆ ಗುಂಡು ಹಾರಿಸ್ತಾರೆ. ಇಟ್ರೆ, ಮನೆ ಸಿಗುತ್ತೋ ಇಲ್ವೋ ನಂಗೂ ಗೊತ್ತಿಲ್ಲ. ಇಡಿ."

ಅಜ್ಜಿ ಅವಳನ್ನೇ ನೋಡಿದರು. ಆಮೇಲೆ ಮಂಡಿಯೂರಿ, ಮಗುವನ್ನು ಮಲಗಿಸುವ ಹಾಗೆ ಕುಕ್ಕರನ್ನು ಹೊಸಿಲಿನ ಒಳಗೆ ಇಟ್ಟು, ಖಾಲಿ ಕೈ ಎತ್ತಿದರು.

ಪೊಲೀಸರು ಮಿರಾನ್ ಕಾಗದಪತ್ರ ನೋಡಿ, ಬಾಗಿಲೆಳೆದು, ಅಜ್ಜಿಯನ್ನು ನಮ್ಮ ಜೊತೆ ಕಳಿಸಿದರು; ಕುಕ್ಕರ್ ಒಳಗೇ ಉಳಿಯಿತು. ವಾಪಸು ಬರುವಾಗ ಕಾರು ನಾನೇ ಓಡಿಸಿದೆ.  "ಮನೆ ನಿಮ್ದೇ ಅಜ್ಜಿ, ಹೆದರಬೇಡಿ ಅನ್ನೋದು ನಾಲಿಗೆ ತುದಿಗೆ ಬಂದಿತ್ತು ಅಕ್ಕ" ಎಂದಳು ಮಿರಾನ್. "ಹಾಗಂದಿದ್ರೆ ಇವರು ಕುಕ್ಕರ್ ಬಿಡ್ತಾನೇ ಇರ್ಲಿಲ್ಲ." 

ಮಿರಾನ್ ಏನೂ ಮುಚ್ಚಿಡದೆ ಹಾರ್ಲನ್‌ಗೆ ನಡೆದದ್ದನ್ನೆಲ್ಲ ಬರೆದು, ಕ್ಷಮೆ ಕೇಳಿದಳು. ಉತ್ತರ ಬರಲಿಲ್ಲ. ಗುರುವಾರವಿಡೀ ಅಜ್ಜಿ ನನ್ನ ಅಂಗಡಿಯ ಮೂಲೆಯಲ್ಲಿ ಕೂತರು. ಮನೆ ಅಲ್ಲೇ ಇದೆಯಾ ಎಂದು ಆವತ್ತು ಕೇಳಲಿಲ್ಲ. 

ಶುಕ್ರವಾರ ಹಾರ್ಲನ್ ವಕೀಲರ ಆಫೀಸಿಗೆ ತಡವಾಗಿ ಬಂದ. ಅಜ್ಜಿಯನ್ನು ನೋಡಿದ, ಸಹಿ ಹಾಕಿದ. ಎದ್ದು ಹೋಗುವಾಗ ಬೀಗದ ಕೈ ಮುಂದಿಟ್ಟು ಮಿರಾನ್‌ಗೆ ಏನೋ ಹೇಳಿದ.

"ಹೊಸಿಲಲ್ಲಿ ಯಾರಾದ್ರೂ ಎಡವಿಯಾರು ಅಂತ ಕುಕ್ಕರನ್ನ ಒಲೆ ಪಕ್ಕ ಇಟ್ಟಿದೀನಿ ಅಂದ್ರು" ಎಂದಳು ಮಿರಾನ್.

ನಾವು ಮನೆಗೆ ಹೋದಾಗ ಅದು ಅಲ್ಲೇ ಇತ್ತು, ಕಟ್ಟಿದ ಗಂಟು ಕಟ್ಟಿದ ಹಾಗೆ. ಅಜ್ಜಿ ಅದನ್ನು ಮುಟ್ಟಲಿಲ್ಲ. "ಇನ್ನು ಯಾರೂ ಬರಲ್ವಾ?" ಎಂದು ಕೇಳಿದರು. ಇವತ್ತಾದರೂ ಒಂದು ಒಳ್ಳೆಯ ಮಾತಾಡು ಮಾರಾಯ್ತಿ ಎಂದು ನಾನು ಮಿರಾನ್ ಕಡೆ ಕಣ್ಣು ಬಿಟ್ಟೆ.

"ತೆರಿಗೆ ಕಟ್ಟದಿದ್ರೆ ಬರ್ತಾರೆ ಅಜ್ಜಿ."

ಅಜ್ಜಿಯ ಮುಖ ಸಡಿಲವಾಯಿತು. "ಅಷ್ಟೇ ತಾನೇ" ಎಂದರು. ಹಿಂಬಾಗಿಲಿಗೆ ಹೋಗಿ ತಾವೇ ಎತ್ತಿಟ್ಟಿದ್ದ ಚಿಲಕವನ್ನು ಹಾಕಿ, ಜಗ್ಗಿ ನೋಡಿ, ಮತ್ತೆ ಜಗ್ಗಿ ನೋಡಿ, ಆಮೇಲೆ ಬಂದು ಅಕ್ಕಿ ತೊಳೆದರು.