ನುಣುಪು ಮುಖ ಮೇಲಿರಬೇಕು

ನಿಂತು ಅಡುಗೆ ಮಾಡುವ ಕಟ್ಟೆಯೊಂದನ್ನು ನಾನು ಕಟ್ಟಿಸಿದ್ದು ಬಹಳ ತಡವಾಗಿ, ಮಧುಗಿರಿಯ ನಮ್ಮ ಬೀದಿಯಲ್ಲಿ ಉಳಿದವರೆಲ್ಲ ಕಟ್ಟಿಸಿ ಮುಗಿಸಿದ ಮೇಲೆ. ಒಬ್ಬನ ಅಡುಗೆಗೆ ನೆಲವೇ ಸಾಕೆಂಬುದು ನನ್ನ ವಾದವಾಗಿತ್ತು. ಮೊಣಕಾಲುಗಳು ಆ ವಾದವನ್ನು ಒಪ್ಪಲಿಲ್ಲ. ಆಂಧ್ರದಿಂದ ಪಾವಗಡದ ಹಾದಿಯಾಗಿ ಲಾರಿಯಲ್ಲಿ ಬರುತ್ತಿದ್ದ ಕಡಪ ಕಲ್ಲನ್ನು ಕಟ್ಟೆಯ ಮೇಲೆ ಹಾಸಿ, ಪಾತ್ರೆ ತೊಳೆಯುವ ತೊಟ್ಟಿಗೆಂದು ಅದರ ನಡುವೆ ಕಿಂಡಿ ಕೊರೆದರು. ಕೊರೆದು ತೆಗೆದ ತುಂಡು, ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮೂಲೆಯ ಗೋಡೆಗೆ ಒರಗಿ ನಿಂತಿತು. ಅದರ ಒಂದು ಮುಖ ಉಜ್ಜಿ ನುಣುಪಾದದ್ದು, ಕೊಬ್ಬರಿ ಎಣ್ಣೆ ಸವರಿದರೆ ಕಾಡಿಗೆಯಷ್ಟು ಕಪ್ಪು. ಇನ್ನೊಂದು ಮುಖ ಗಣಿಯಿಂದ ಎದ್ದು ಬಂದ ಹಾಗೆಯೇ ಒರಟು, ಬೂದುಬಣ್ಣ. ಬೆಳಗ್ಗೆ ಕಾಫಿಗೆ ನೀರಿಟ್ಟು ತಿರುಗಿದಾಗ ನುಣುಪು ಮುಖದಲ್ಲಿ ನನ್ನದೇ ನೆರಳು ಕಾಣುತ್ತಿತ್ತು. ಆ ಮನೆಯಲ್ಲಿ ನನ್ನನ್ನು ದಿನವೂ ಎದುರುಗೊಳ್ಳುತ್ತಿದ್ದ ಮುಖ ಅದೊಂದೇ.

ಗೆಳೆಯರೇ, ಇಲ್ಲಿ ನನ್ನ ಸ್ಥಿತಿಯನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದೆ. ವಿಭಕ್ತಿಯೊಂದು ತಪ್ಪಿದರೆ ಊಟ ರುಚಿಸದ ಜಾತಿ ನನ್ನದು. ಅಂಗಡಿಯ ಹಲಗೆಯ ಮೇಲಿನ ಒತ್ತಕ್ಷರವನ್ನು ಮಾಲೀಕರ ಎದುರಿನಲ್ಲಿಯೇ ತಿದ್ದಿಸಿದ್ದೇನೆ. ಮದುವೆಯ ಕರೆಯೋಲೆಗಳನ್ನು ಗುರುತು ಹಾಕಿ ಹಿಂದಿರುಗಿಸಿದ್ದೇನೆ. ಅಂಥವನನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲವೆಂಬುದು ಆಗ ನನಗೆ ಹೊಳೆದಿರಲಿಲ್ಲ. ನಲವತ್ತೇಳನೆಯ ವಯಸ್ಸಿಗೆ ಗಂಟಲು ಕೈಕೊಟ್ಟಿತು. ತುಮಕೂರಿನ ವೈದ್ಯರು ಇನ್ನು ಕೂಗಿ ಪಾಠ ಮಾಡುವಂತಿಲ್ಲ, ಆದಷ್ಟು ಮಾತೇ ಆಡಬೇಡಿರೆಂದರು. ಕೆಲಸ ಬಿಟ್ಟೆ. ಮದುವೆಯಾಗಿರಲಿಲ್ಲವಾದ್ದರಿಂದ ಮನೆಗೆ ಬಂದು ಕುಳಿತಾಗ, ಮಾತನಾಡಬೇಡಿರೆಂಬ ವೈದ್ಯರ ಆಜ್ಞೆಯನ್ನು ಪಾಲಿಸುವುದು ಅತ್ಯಂತ ಸುಲಭವಾಯಿತು.

ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು. ಮೂಲೆಯ ಕಲ್ಲನ್ನು ಓರೆಕೋರೆಯಾದ ತುಂಡುಗಳಾಗಿ ಕತ್ತರಿಸಿ, ಮತ್ತೆ ಕೂಡಿಸಬೇಕಾದ ಒಗಟೊಂದನ್ನು ಮಾಡಿದರೇನು ಎಂದು ಹೊಳೆದದ್ದು ಹಾಗೆ. ಊರಾಚೆಯ ಕಲ್ಲಿನ ಅಂಗಡಿಗೆ ಹೋಗಿ, ಅಲ್ಲಿ ಹಲಗೆ ಉಜ್ಜುತ್ತಿದ್ದ ಐ.ಡಿ.ಹಳ್ಳಿಯ ಚಿಕ್ಕಣ್ಣನನ್ನು ವಿಚಾರಿಸಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಒಣಕಲ್ಲು ಕುಯ್ದ್ರೆ ಬ್ಲೇಡೂ ಓಯ್ತದೆ, ಕಲ್ಲೂ ಓಯ್ತದೆ ಸಾಮಿ. ನೀರ್ ಕುಡಿಸ್ಬೇಕು. ಮಗೀಗೆ ಕುಡಿಸ್ದಂಗೆ, ವಸಿ ವಸಿ." ಆಮೇಲೆ ನಗುತ್ತ, "ನಿಮ್ಗ್ಯಾಕ್ ಬೇಕಿತ್ತು ಮೇಷ್ಟ್ರೇ ಇದೆಲ್ಲ? ಸುಮ್ಕೆ ಜಗಲಿ ಮ್ಯಾಕೆ ಕುಂತು ನಾಕ್ ಜನಕ್ಕೆ ಬುದ್ಧಿ ಯೋಳದು ಬುಟ್ಟು!" ಎಂದ.

ನಾಲ್ಕು ಜನ ಎಲ್ಲಿದ್ದರು, ಹೇಳಿ.

ಕೆಲಸದ ಕ್ರಮ ಹೀಗಿತ್ತು. ತುಂಡುಗಳ ಆಕಾರವನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿಕೊಳ್ಳುವುದು. ನುಣುಪು ಮುಖದ ಮೇಲೆ ಸೀಸದಕಡ್ಡಿ ನಿಲ್ಲುವುದಿಲ್ಲ, ಮೊಳೆಯಿಂದ ಗೀಚಿದರೆ ಗಾಯ ಉಳಿಯುತ್ತದೆ. ಆದ್ದರಿಂದ ಕಲ್ಲನ್ನು ಬೋರಲು ಹಾಕಿ, ಒರಟು ಬೆನ್ನಿನ ಮೇಲೆ ರಟ್ಟನ್ನಿಟ್ಟು ಸುತ್ತಲೂ ಗೆರೆ ಎಳೆಯುವುದು. ಕಬ್ಬಿಣ ಕುಯ್ಯುವ ಗರಗಸದಿಂದ, ಚೊಂಬಿನ ನೀರು ಹನಿಸುತ್ತ, ಕುಯ್ಯುವುದು. ಒಂದು ತುಂಡಿಗೆ ಎರಡು ದಿನವಾದರೂ ಬೇಕು. ಅಂಚನ್ನು ಅರದಿಂದ ಉಜ್ಜಿ, ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿಟ್ಟರೆ ಒಂದು ವಾರದ ಒಂಟಿತನ ಅಂಗೈಯಗಲದ ಕಲ್ಲಾಗಿ ಕುಳಿತಿರುತ್ತಿತ್ತು.

ಗರಗಸ ನಡೆದ ದಾರಿಯಷ್ಟು ಕಲ್ಲು ಎಲ್ಲಿಯೂ ಉಳಿಯುವುದಿಲ್ಲವೆಂಬುದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿರುತ್ತಿದ್ದೆ. ಅದು ಬೂದು ಕೆಸರಾಗಿ ಬಚ್ಚಲಿಗೆ ಹರಿದುಹೋಗುತ್ತದೆ. ತುಂಡುಗಳನ್ನು ಎಷ್ಟೇ ಬಿಗಿಯಾಗಿ ಕೂಡಿಸಿದರೂ ಮೊದಲಿನ ಹಲಗೆ ಅಷ್ಟಗಲ ಮರಳಿ ಬರುವುದಿಲ್ಲ; ಕೂದಲೆಳೆಯಷ್ಟು ಕಿರಿದಾದ ಇನ್ನೊಂದು ಹಲಗೆ ಬರುತ್ತದೆ. ಮನುಷ್ಯರು ಅಗಲಿ ಸೇರುವುದೂ ಹಾಗೆಯೇ ಇರಬಹುದು. ಆದರೆ ಆಗ ನನಗೆ ಅಗಲುವುದರ ಅನುಭವವೂ ಇರಲಿಲ್ಲ. ಅದಕ್ಕೆ ಮೊದಲು ಯಾರನ್ನಾದರೂ ಸೇರಿರಬೇಕಷ್ಟೆ.

ಒಗಟು ಮಾಡುವವನಿಗೆ ಇನ್ನೊಂದು ತೊಡಕಿದೆ. ಉತ್ತರ ಬಲ್ಲವನಿಗೆ ಪ್ರಶ್ನೆಯಿಂದ ಸುಖವಿಲ್ಲ. ವೀಣೆಯನ್ನು ಒಬ್ಬನೇ ನುಡಿಸಿಕೊಳ್ಳಬಹುದು, ತೋಟವನ್ನು ಒಬ್ಬನೇ ಮಾಡಬಹುದು. ಒಗಟಿಗೆ ಮಾತ್ರ ಎರಡನೆಯವರೊಬ್ಬರು ಬೇಕೇ ಬೇಕು. ನನಗಿದ್ದ ಎರಡನೆಯವರೆಂದರೆ ಅಶ್ವತ್ಥಪ್ಪನವರು. ನಮ್ಮ ಹೈಸ್ಕೂಲಿನಲ್ಲಿಯೇ ಗಣಿತ ಹೇಳಿಕೊಡುತ್ತಿದ್ದು, ವರ್ಗವಾಗಿ ತಮ್ಮ ಸ್ವಂತ ಊರಾದ ಪಾವಗಡಕ್ಕೆ ಹೋದವರು. ಅಧ್ಯಾಪಕರ ಕೋಣೆಗೆ ನಾನು ಕಾಲಿಟ್ಟೊಡನೆ ಉಳಿದವರಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು, ಇವರು ಮಾತ್ರ ಕಾಲು ಚಾಚಿ ಕುಳಿತೇ, ಏನ್ರೀ ಎನ್ನುವುದನ್ನು ತಮ್ಮ ಊರಿನ ತೆಲುಗಿನಲ್ಲಿ, "ಏಮಂಡೀ ಪಂಡಿತುಲೂ, ಇವತ್ತು ಯಾರ ತಪ್ಪು ಸಿಕ್ತು?" ಎನ್ನುತ್ತಿದ್ದರು.

ಮೊದಲನೆಯ ಒಗಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಪಾವಗಡದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ನಮ್ಮ ಕಡೆ ಮದ್ದು, ಕನ್ನಡಕ, ಹಪ್ಪಳ, ಜಾತಕ ಎಲ್ಲವೂ ಹಾಗೆಯೇ ಊರಿಂದೂರಿಗೆ ಹೋಗುತ್ತಿದ್ದವು. ಅಲ್ಲಿಯ ನಿಲ್ದಾಣದಲ್ಲಿ ಬೇಕಾದವರು ಕಾದಿದ್ದು ಇಳಿಸಿಕೊಳ್ಳುತ್ತಿದ್ದರು. ಕಂಡಕ್ಟರು ಶಿರಾದ ಸತ್ತಾರ್ ಸಾಬರು. ಚೀಲ ಎತ್ತಿದವರೇ, "ಅರೆ, ಏನ್ ಮೇಷ್ಟ್ರೇ ಇದು? ದಿನಾ ಇಷ್ಟಿಷ್ಟು ಒಯ್ದು ಮಧುಗಿರಿ ಬೆಟ್ಟಾನೇ ಪಾವಗಡಕ್ಕೆ ಸಾಗಿಸ್ತೀರೋ ಹೆಂಗೆ?" ಎಂದು ಬಸ್ಸಿಗೆ ಬಸ್ಸನ್ನೇ ನಗಿಸಿದರು.

ನಿಯಮ ಒಂದೇ: ತುಂಡುಗಳೆಲ್ಲದರ ನುಣುಪು ಮುಖ ಮೇಲಿರಬೇಕು. ಅಶ್ವತ್ಥಪ್ಪನವರು ಕೂಡಿಸಿ, ಕೂಡಿದ ಬಗೆಯನ್ನು ಹಾಳೆಯ ಮೇಲೆ ಚಿತ್ರ ಬರೆದು, ಕಲ್ಲುಗಳ ಜೊತೆಗೆ ಹಿಂದಿರುಗಿಸುವರು. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು, ಮುಂದಿನ ಒಗಟಿನೊಂದಿಗೆ ಆ ಹಾಳೆಯನ್ನೂ ಕಳಿಸುವೆ. "ಆ ಒಂದು ಅಂಕವನ್ನು ಯಾರಿಗಾಗಿ ಕೂಡಿಡುತ್ತಿದ್ದೀರಿ?" ಎಂದು ಒಮ್ಮೆ ಹಾಳೆಯ ತುದಿಯಲ್ಲಿ ಬರೆದಿದ್ದರು. ಆ ಹಾಳೆಗೂ ಒಂಬತ್ತೇ ಕೊಟ್ಟೆ. ಚೀಲ ಬರುವ ದಿನ ಒಂದು ಗಂಟೆ ಮುಂಚೆಯೇ ನಿಲ್ದಾಣದಲ್ಲಿ ನಿಂತಿರುತ್ತಿದ್ದೆನೆಂಬುದನ್ನು ಮಾತ್ರ ಬರೆಯಲಿಲ್ಲ.

ಮೂಲೆಯ ಕಲ್ಲು ಮುಗಿದ ಮೇಲೆ ಚಿಕ್ಕಣ್ಣನ ಅಂಗಡಿಯಲ್ಲಿ ಉಳಿದ ಚೂರುಗಳನ್ನು ತರುತ್ತಿದ್ದೆ. ಏಳನೆಯದು ಒಂಬತ್ತು ತುಂಡುಗಳ ಒಗಟು. ಒಂದಕ್ಕೊಂದು ಹೋಲದ, ಎಡಬಲ ಸಮವಿಲ್ಲದ ಓರೆ ತುಂಡುಗಳು. ನನ್ನ ಕೈ ಪಳಗಿತ್ತು. ಎಲ್ಲ ಮುಗಿಯಿತೆನ್ನುವಾಗ, ಅಂಚು ಉಜ್ಜುತ್ತಿದ್ದ ಒಂದು ತುಂಡಿನ ಮೂಲೆ ಪದರವಾಗಿ ಎದ್ದುಹೋಯಿತು. ಚಿಕ್ಕಣ್ಣನಲ್ಲಿಗೆ ಹೋಗಿ ಬೇರೊಂದು ಚೂರು ತಂದೆ. ಅದರ ಬೆನ್ನು ಗೆರೆ ಎಳೆಯಲಾಗದಷ್ಟು ಉಬ್ಬುತಗ್ಗು. ಅದಕ್ಕಾಗಿ ಆ ಒಂದಕ್ಕೆ ಮಾತ್ರ ರಟ್ಟನ್ನು ನುಣುಪು ಮುಖದ ಮೇಲೆಯೇ ಅಂಟಿಸಿ, ಅದರ ಅಂಚಿಗೆ ಸರಿಯಾಗಿ ಕುಯ್ದೆ. ನಾಲ್ಕು ಬದಿಗಳನ್ನೂ ಅಳತೆಪಟ್ಟಿಯಿಂದ ಅಳೆದೆ, ಎಲ್ಲವೂ ಸರಿ. ಕೂಡಿಸಿ ನೋಡಲಿಲ್ಲ. ಅಳತೆ ಸರಿಯಿದ್ದ ಮೇಲೆ ಪರೀಕ್ಷೆಯೇಕೆ?

ಹನ್ನೆರಡನೆಯ ದಿನ ಹಾಳೆ ಬಂತು. ಎಂಟು ತುಂಡುಗಳನ್ನು ಖಾಲಿ ಬಿಟ್ಟು, ಒಂದಕ್ಕೆ ಮಾತ್ರ ಒತ್ತೊತ್ತಾಗಿ ಗೀಟು ಹಾಕಿದ್ದರು. "ಎಂಟು ನುಣುಪು, ಒಂದು ಒರಟು. ಇದಲ್ಲದೆ ಬೇರೆ ದಾರಿಯಿಲ್ಲ. ಹನ್ನೊಂದು ದಿನ ಹಿಡಿಯಿತು" ಎಂದು ಕೆಳಗೆ ಬರೆದಿದ್ದರು. ನನಗೆ ನಗು ಬಂತು. ಗಣಿತದವರಾಗಿ ನಿಯಮ ಮುರಿದರಲ್ಲ! "ನಿಯಮ ಓದಿರಿ. ಉತ್ತರ ತಪ್ಪು" ಎಂದು ಕೆಂಪಿನಲ್ಲಿ ಬರೆದು, ಸೊನ್ನೆ ಸುತ್ತಿ, ಇನ್ನೊಮ್ಮೆ ಪ್ರಯತ್ನಿಸಲೆಂದು ಕಲ್ಲುಗಳ ಜೊತೆಗೇ ಹಿಂದಕ್ಕೆ ಕಳಿಸಿದೆ. ಮರುವಾರ ಸತ್ತಾರ್ ಸಾಬರು ಚೀಲವನ್ನು ತಂದುಕೊಟ್ಟರು. ಒಳಗೆ ಒಂಬತ್ತು ಕಲ್ಲುಗಳಿದ್ದವು, ಹಾಳೆಯಿರಲಿಲ್ಲ. ಚೀಲವನ್ನು ಹಾಗೆಯೇ ಗೂಡಿನಲ್ಲಿಟ್ಟೆ.

ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಕಾಗದ ಬರೆಯಬಹುದಾಗಿತ್ತು, ಆದರೆ ತಪ್ಪು ಮಾಡಿದವರು ಮೊದಲು ಬರೆಯಬೇಕೆಂಬ ಶಿಸ್ತು ನನ್ನದು. ಆ ಶಿಸ್ತಿಗೆ ಎರಡು ವರ್ಷ ತುಂಬಿತು. ಕಲ್ಲು ಕುಯ್ಯುವುದನ್ನು ನಿಲ್ಲಿಸಲಿಲ್ಲ. ಇನ್ನೂ ಐದು ಒಗಟುಗಳು ಸಿದ್ಧವಾಗಿ ಗೂಡಿನಲ್ಲಿ ಸಾಲಾಗಿ ಕುಳಿತವು, ಬಿಡಿಸುವವರಿಲ್ಲದೆ. ಸಂಜೆ ಬಸ್ಸು ನಿಲ್ದಾಣದ ಕಡೆ ತಿರುಗುವ ಹೊತ್ತಿಗೆ ಕಾಲು ತಾನಾಗಿ ಏಳುತ್ತಿತ್ತು. ಎದ್ದದ್ದಕ್ಕೆ ಒಂದು ಕಾರಣ ಬೇಕಲ್ಲವೇ ಎಂದು ಮಾರುಕಟ್ಟೆಗೆ ಹೋಗಿ ಬೇಡದ ಸೊಪ್ಪು ತರುತ್ತಿದ್ದೆ.

ಯುಗಾದಿಗೆ ಮುಂಚೆ ಗೂಡು ಒರೆಸಲೆಂದು ಚೀಲಗಳನ್ನು ಇಳಿಸಿದೆ. ಏಳನೆಯದರ ಗಂಟು ಬಿಚ್ಚಿದೆ. ಸುಮ್ಮನೆ, ಕೈಗೆ ಬೇರೆ ಕೆಲಸವಿಲ್ಲದೆ, ನೆಲದ ಮೇಲೆ ಕೂಡಿಸತೊಡಗಿದೆ. ಎಂಟು ತುಂಡುಗಳು ತಂತಮ್ಮ ಜಾಗಕ್ಕೆ ಹೋದವು. ಒಂಬತ್ತನೆಯದಕ್ಕೆ ಉಳಿದ ತೆರಪು ಎಡಕ್ಕೆ ವಾಲಿತ್ತು. ನನ್ನ ಕೈಯಲ್ಲಿದ್ದ ಕಲ್ಲು ಬಲಕ್ಕೆ ವಾಲಿತ್ತು. ಎಡಗಾಲಿನ ಚಪ್ಪಲಿಗೆ ಬಲಗಾಲನ್ನು ತೂರಿಸಿದ ಹಾಗೆ ಅದು ಎಲ್ಲಿಯೂ ಕೂರಲೊಲ್ಲದು. ಎಂಟಕ್ಕೆ ಬೆನ್ನಿನ ಮೇಲೆ ಗೆರೆ ಎಳೆದಿದ್ದೆ, ಒಂದಕ್ಕೆ ಮುಖದ ಮೇಲೆ. ಮುಖದ ಕಡೆಯಿಂದ ನೋಡಿದರೆ ಎಂಟೂ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚಿದ ಆಕಾರಗಳು, ಆದ್ದರಿಂದ ತಮ್ಮತಮ್ಮಲ್ಲಿ ಒಪ್ಪುತ್ತಿದ್ದವು. ಒಂದು ಮಾತ್ರ ಮಗುಚದೆ ಉಳಿದಿತ್ತು. ಅದನ್ನು ಬೋರಲು ತಿರುವಿ, ಒರಟು ಬೆನ್ನು ಮೇಲೆ ಮಾಡಿ ಬಿಟ್ಟೆ. ಸಣ್ಣ ಸದ್ದಿನೊಂದಿಗೆ ಇಳಿದು ಕುಳಿತಿತು.

ಎಂಟು ನುಣುಪು, ಒಂದು ಒರಟು. ಒಂಬತ್ತನ್ನೂ ಚೀಲಕ್ಕೆ ತುಂಬಿ ಗಂಟು ಹಾಕಿದೆ.

ಮರುದಿನ ಬೆಳಗಿನ ಬಸ್ಸು ಹತ್ತಿದೆ. ಸತ್ತಾರ್ ಸಾಬರು ಚೀಲದತ್ತ ಕೈ ಚಾಚಿದರು, ಚೀಲದ ಜೊತೆಗೆ ನಾನೂ ಒಳಗೆ ಬಂದದ್ದನ್ನು ಕಂಡು, "ಈ ದಫಾ ಮಾಲೀಕರೇ ಹೊಂಟ್ರೋ!" ಎಂದು ಟಿಕೆಟು ಹರಿದರು.

ಅಶ್ವತ್ಥಪ್ಪನವರ ಮನೆ ಕೋಟೆಬೆಟ್ಟದ ಬುಡದಲ್ಲಿ. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬನ್ನಿ ಪಂಡಿತ್ರೇ, ಕೂತ್ಕೊಳ್ಳಿ" ಎಂದರು. ಏಮಂಡೀ ಎನ್ನಲಿಲ್ಲ.

"ನಿಮ್ಮ ಉತ್ತರ ಸರಿಯಾಗಿತ್ತು" ಎಂದೆ. "ತಪ್ಪು ಕಲ್ಲಿನಲ್ಲಿತ್ತು. ಅಲ್ಲ, ನನ್ನಲ್ಲಿತ್ತು." ದಾರಿಯುದ್ದಕ್ಕೂ ಹೊಂದಿಸಿಕೊಂಡ ವಾಕ್ಯ ಬೇರೆಯೇ ಇತ್ತು, ಅದು ಬರಲಿಲ್ಲ.

"ಗೊತ್ತು ರೀ. ಅವತ್ತೇ ಗೊತ್ತು. ಎಂಟರ ಬೆನ್ನಂಚಲ್ಲಿ ಗೆರೆ ಉಳಿದಿತ್ತು, ಅದಕ್ಕಿರ್ಲಿಲ್ಲ. ಆ ಒಂದನ್ನು ಮಾತ್ರ ಮುಖದ ಮೇಲೆ ಗುರುತು ಮಾಡಿದ್ದೀರಿ ಅನ್ನೋದೂ ಗೊತ್ತಾಯ್ತು."

"ಹಾಗಾದರೆ ಬರೆಯಬಾರದಾಗಿತ್ತೇ?"

"ಬರೆದಿದ್ರೆ ಅದನ್ನೂ ತಿದ್ದಿ ಕಳಿಸ್ತಿದ್ರಿ." ಕಾಯಿಯೊಂದನ್ನು ಒಡೆದರು. ಸಿಪ್ಪೆ ಮೊರದಾಚೆ ಬಿತ್ತು. "ಸೊನ್ನೆ ಕೊಟ್ರಿ ಅಂತ ಅಲ್ಲ ಪಂಡಿತ್ರೇ. ಈ ಮನುಷ್ಯ ಹನ್ನೊಂದು ದಿನ ಕೂತಿದ್ದಾನೆ, ಒಂದ್ಸಲ ಜೋಡಿಸಿ ನೋಡೋಣ ಅಂತ ನಿಮಗೆ ಅನ್ನಿಸ್ಲಿಲ್ವಲ್ಲ. ಹನ್ನೊಂದು ನಿಮಿಷ ಸಾಕಾಗ್ತಿತ್ತು."

ಅವರ ಮನೆಯವರು ಮಜ್ಜಿಗೆ ತಂದಿಟ್ಟರು. ಕುಡಿದೆ. ಅವರು ಸುಲಿಯುತ್ತಲೇ ಇದ್ದರು. ಕೊನೆಗೆ ಮೊರವನ್ನು ಪಕ್ಕಕ್ಕೆ ಸರಿಸಿ, "ಹೊಸದು ಏನಾದ್ರೂ ಮಾಡಿದ್ರಾ?" ಎಂದರು.

"ಐದು ಇವೆ."

"ಕಳಿಸ್ಬೇಡಿ."

ಚೀಲವನ್ನು ಹತ್ತಿರಕ್ಕೆಳೆದುಕೊಂಡು ಏಳಲು ಹೊರಟೆ.

"ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ. ಕಳಿಸ್ಬೇಡಿ, ತಗೊಂಡ್ ಬನ್ನಿ. ನಾನು ಜೋಡಿಸೋವಾಗ ಎದುರಿಗೆ ಕೂರ್ಬೇಕು. ನೋರು ಮೂಸುಕೊನಿ! ಬಾಯಿ ಮುಚ್ಕೊಂಡು! ಆಗ್ತದಾ ನಿಮ್ ಕೈಲಿ?"

ಚೀಲವನ್ನು ಮತ್ತೆ ಕೆಳಗಿಟ್ಟೆ. ಆಗುತ್ತದೆಂದು ಹೇಳುವಷ್ಟು ಭರವಸೆ ನನಗೆ ನನ್ನ ಮೇಲಿರಲಿಲ್ಲ.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಒಂಟಿತನ ನೀಗಿತೆಂದು ನಿಮಗೆ ಸುಳ್ಳು ಹೇಳಲಾರೆ. ಉಳಿದ ಇಪ್ಪತ್ತೊಂಬತ್ತು ದಿನ ಮನೆ ಹಾಗೆಯೇ ಇರುತ್ತದೆ, ಹೋದಾಗಲೂ ನಮ್ಮ ನಡುವೆ ಮೊದಲಿನ ಸಲಿಗೆ ಅಷ್ಟಗಲ ಮರಳಿಲ್ಲ. ಜಗಲಿಯ ಮೇಲೆ ಕಲ್ಲುಗಳನ್ನು ಸುರಿದುಕೊಂಡು ಅವರು ತಲೆ ತಗ್ಗಿಸುತ್ತಾರೆ. ನಾನು ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಉತ್ತರ ಬಲ್ಲವನು ಸುಮ್ಮನಿರುವುದು ಎಷ್ಟು ದೊಡ್ಡ ದೇಹಶ್ರಮವೆಂಬುದು ವೈದ್ಯರಿಗೂ ಗೊತ್ತಿರಲಾರದು. ಬೆನ್ನು ಬೆವರುತ್ತದೆ.

ಹೋದ ಸಲ ಮೂರು ಗಂಟೆಗೇ ಅವರು ಅಗಲದ ತುಂಡೊಂದನ್ನು ತಪ್ಪು ಮೂಲೆಯಲ್ಲಿಟ್ಟು, ಅದರ ಸುತ್ತ ಉಳಿದದ್ದನ್ನು ಹೊಂದಿಸುತ್ತ ಹೊರಟರು. ಅದು ಅಲ್ಲಿರುವವರೆಗೆ ಏನೂ ಕೂಡುವಂತಿಲ್ಲ. ನೆರಳು ಜಗಲಿ ಇಳಿಯಿತು. ನಾಲ್ಕು ಗಂಟೆಯ ಮಧುಗಿರಿ ಬಸ್ಸು, ನಾನು ಹಿಡಿಯಬೇಕಾಗಿದ್ದದ್ದು, ನಿಲ್ದಾಣದಲ್ಲಿ ಹಾರನ್ ಹಾಕಿತು; ಸ್ವಲ್ಪ ಹೊತ್ತಿಗೆ ಅದು ಹೊರಟು ಹೋದ ಸದ್ದೂ ಕೇಳಿಸಿತು. ಅಶ್ವತ್ಥಪ್ಪನವರು ತಲೆಯೆತ್ತಲಿಲ್ಲ. ಕಲ್ಲಿನ ವಿಷಯವನ್ನೂ ಬಸ್ಸಿನ ವಿಷಯವನ್ನೂ ನಾನು ಅವರಿಗೆ ಹೇಳಲಿಲ್ಲ.