ನಾಲ್ಕನೇ ಮುಕ್ಕಾಮಿನ ಈಚಲು

ಮೊನ್ನೆ ಮಲ್ಲಿಗೆಗೆ ಹೆಸರಾದ ಹಡಗಲಿಯ ಸಂತೆಯಿಂದ ಒಂದು ಹೊಸ ಕಸಬರಿಗೆ ತಂದೆ. ಈಚಲ ಗರಿಯದು. ಕಟ್ಟು ಬಿಚ್ಚದೆ ಪಡಸಾಲೆಯಲ್ಲಿ ಅದನ್ನು ಮೂಗಿಗೆ ಹಿಡಿದು ಕೂತುಬಿಟ್ಟಿದ್ದೆ. ಹೊಸ ಈಚಲ ಗರಿಗೆ ಒಂದು ವಾಸನೆ ಐತಿ ನೋಡ್ರಿ, ಒಣಹುಲ್ಲಿನದೂ ಅಲ್ಲ, ಬೆಲ್ಲದ್ದೂ ಅಲ್ಲ, ಎರಡರ ನಡುವಿನದು. ನಮ್ಮ ಯಜಮಾನರು ನೋಡಿದರು. "ಮಲ್ಲಿಗಿ ಊರಿಗೆ ಹೋಗಿ ಕಸಬರಿಗಿ ಮೂಸಿಕೋತ ಬಂದಾಕಿ ನೀನೊಬ್ಬಾಕೀನ" ಅಂದರು. ಅನ್ನಲಿ ಬಿಡ್ರಿ. ಆ ವಾಸನೆ ನನಗೆ ಏನೇನು ತಂದುಕೊಡ್ತದೆ ಅಂತ ಅವರಿಗೂ ಈಗ ಗೊತ್ತು. ನಿಮಗೂ ಹೇಳ್ತೀನಿ, ಹೇಳದೆ ಇರೋಕೆ ನನಗೆ ಆಗೋದಿಲ್ಲ.

ಈಚಲು ಒಂಟಿ ತಲೆಯ ಜಾತಿ. ಬೇವು, ಹುಣಸೆ ತಮಗೆ ತೋಚಿದ ಕಡೆ ಟೊಂಗೆ ಚಾಚುತ್ತವೆ. ಈಚಲು ಹಂಗಲ್ಲ, ನೆಟ್ಟಗೆ ಮೇಲೆ ಹೋಗಿ, ತಲೆಗೆ ನೀರು ಹಾಕಿಕೊಂಡು ಕೂದಲು ಕೆದರಿಕೊಂಡ ಹೆಣ್ಣುಮಗಳ ಹಾಗೆ ನಿಲ್ಲುತ್ತದೆ. ಆದರೆ ಎಲ್ಲೋ ಒಂದು ಮರ ಮಾತ್ರ ನಡುವೆಯೇ ಕವಲೊಡೆದು ಎರಡು ತಲೆ ಎತ್ತುತ್ತದೆ. ಸಿಡಿಲು ಬಡಿದರೆ ಹಂಗಾಗ್ತದೆ ಅಂತಾರೆ, ಹುಳ ಸುಳಿ ತಿಂದರೆ ಹಂಗಾಗ್ತದೆ ಅಂತಾರೆ. ಯಾರಿಗೂ ಖರೆ ಗೊತ್ತಿಲ್ಲ, ಅದೇ ನನಗೆ ಚೆಂದ. ಅಂಥ ಮರ ಹುಡುಕಿ ಬರೆದಿಡೋದು ಈಗ ನನ್ನ ಹವ್ಯಾಸ. ಈ ಮಾತು ಮೊಮ್ಮಗಳು ಕಲಿಸಿದ್ದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಾಕಿಗೆ ಇಂಥ ಮಾತು ಎಲ್ಲಿಂದ ಬರಬೇಕು? ಯಜಮಾನರು ಅದಕ್ಕೆ ಹುಚ್ಚು ಅಂತಾರೆ.

ಮೊಮ್ಮಗಳು ಪವಿತ್ರಾ ಹಡಗಲಿಯಲ್ಲಿ ಟೀಚರ್ ಆಗೋ ಓದು ಓದ್ತಾಳೆ, ಸ್ಕೂಟಿ ಓಡಿಸ್ತಾಳೆ. ಎರಡು ವರ್ಷದ ಹಿಂದೆ ಕೊಟ್ಟೂರಿಗೆ ಹೋಗಿಬಂದವಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಹೊಲದ ಬದುವಿನಲ್ಲಿ ಎರಡು ತಲೆಯ ಈಚಲು.

"ಇದೇನ್ ದೊಡ್ಡದು," ಅಂದೆ. "ನಾನು ಐದು ತಲೀದು ನೋಡೀನಿ."

ಒಳಗಿದ್ದ ಯಜಮಾನರು ನಕ್ಕರು. ಆ ನಗೆ ನನಗೆ ಹೊಸದಲ್ಲ. ಲಗ್ನವಾದ ಹೊಸದರಲ್ಲಿ, ಗಂಡ ಅಂತ ನಂಬಿ, ಚಿಕ್ಕಂದಿನಲ್ಲಿ ನಾನು ಕಂಡ ಮರದ ಸುದ್ದಿ ಅವರಿಗೆ ಹೇಳಿದ್ದೆ. ಅವತ್ತಿಂದ ನಮ್ಮ ಮನೆಯಲ್ಲಿ ಸುಳ್ಳಿಗೆ ಅದೇ ಹೆಸರಾಯಿತು. ತವರಿನ ಎಮ್ಮೆ ಕೊಡ ತುಂಬ ಹಾಲು ಕೊಡ್ತಿತ್ತು ಅಂದರೆ, "ಹೂಂ, ಐದು ತಲಿ ಈಚಲ." ಹೊಟ್ಟೆನೋವು ಅಂತ ಮಲಗಿದರೂ, "ಐದು ತಲಿ ಈಚಲೇನು?" ಮಕ್ಕಳು ಕಲಿತರು, ಸೊಸೆಯಂದಿರು ಬಂದು ಕಲಿತರು. ನಾನೂ ಅವರ ಸಂಗಡ ನಕ್ಕೆ. ಒಳಗೆ ಮಾತ್ರ, ಲೇ, ನಾನು ಕಣ್ಣಾರೆ ನೋಡೀನಲ್ಲೋ ಅಂತ ಒಂದು ಮುಳ್ಳು ಆಡುತ್ತಲೇ ಇತ್ತು.

ಪವಿತ್ರಾ ನಗಲಿಲ್ಲ. ಒಂದು ನೋಟುಬುಕ್ಕು ತಂದಳು. "ಎಲ್ಲಾ ಮರ ಬರೆಯೋಣಜ್ಜಿ. ಆದ್ರ ನೋಡಿದ್ದಷ್ಟ. ಕೇಳಿದ್ದು ಬರಿಯಂಗಿಲ್ಲ."

"ನಾ ನೋಡೀನಲ್ಲಲೇ!"

"ನಾ ನೋಡಿಲ್ಲಲ್ಲ." ಮೊದಲ ಹಾಳೆ ಖಾಲಿ ಬಿಟ್ಟು ತಿರುವಿದಳು. "ಇದು ನಿನ್ನ ಮರಕ್ಕ. ಸಿಗದಿದ್ರ ಹಿಂಗ ಖಾಲಿ ಇರ್ತೈತಿ."

ಸಿಟ್ಟು ಬಂತು ನನಗೆ. ಯಜಮಾನರ ನಗೆಗಿಂತ ಆ ಖಾಲಿ ಹಾಳೆ ಹೆಚ್ಚು ಉರಿಸಿತು.

ಗುರುತು ಏನಿತ್ತು ಅಂದರೆ, ನಮ್ಮ ತವರು ಮೈಲಾರದ ಕಡೆಯ ಹಳ್ಳಿ. ಅಪ್ಪ ಕುರಿ ಸಾಕಿದವನು. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ದೇಶಾಂತರ ಹೊರಡೋದು, ಒಬ್ಬೊಬ್ಬರ ಹೊಲದಲ್ಲಿ ಮಂದೆ ನಿಲ್ಲಿಸಿ ಮುಂದೆ ಸಾಗೋದು. ನಾವು ದಾರಿಯನ್ನು ಮೈಲಿಯಲ್ಲಿ ಹೇಳೋರಲ್ಲ, ಮುಕ್ಕಾಮಿನಲ್ಲಿ ಹೇಳೋರು. ನನಗಾಗ ಏಳೋ ಎಂಟೋ ವರ್ಷ. ನಾಲ್ಕನೇ ಮುಕ್ಕಾಮಿನಲ್ಲಿ, ಹಳ್ಳದ ದಂಡೆಯಲ್ಲಿ, ಬೆಳಿಗ್ಗೆ ಕಂಬಳಿಯೊಳಗಿಂದ ಕಣ್ಣು ಬಿಟ್ಟರೆ ಆಕಾಶದ ತುಂಬ ಈಚಲ ತಲೆಗಳು! ಅಪ್ಪ "ಎಣಿಸು ನೋಡೋಣ" ಅಂದ. ಒಂದು ತಲೆಗೆ ಒಂದು ಬೆರಳು ಮಡಿಚಿದೆ. ಕೈ ಮುಷ್ಟಿಯಾಯಿತು. ನಾನು ಲೆಕ್ಕದಲ್ಲಿ ದಡ್ಡಿ ಇರಬಹುದು, ಮುಷ್ಟಿ ಸುಳ್ಳು ಹೇಳ್ತದೇನ್ರಿ?

"ಕುರಿ ದಿನಕ್ಕ ಎಷ್ಟು ನಡಿತಾವಜ್ಜಿ?" ಅಂತ ಪವಿತ್ರಾ ಕೇಳಿದಳು. ನಾನು ಭಾಳ ತಿಳಿದಾಕಿಯ ಹಂಗೆ, ಮೂರು ಹರದಾರಿ, ಅಂದರೆ ಹತ್ತು ಹನ್ನೆರಡು ಮೈಲಿ, ಅಂದುಬಿಟ್ಟೆ. ಆಕೆ ನಾಲ್ಕು ಪಟ್ಟು ಮಾಡಿ ನಕಾಶೆಯ ಮೇಲೆ ತವರಿನ ಸುತ್ತ ಗೆರೆ ಎಳೆದಳು. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಎಲ್ಲಾ ಆ ಗೆರೆಯೊಳಗೆ ಬಂದವು.

ಶುರುವಾಯಿತು ನಮ್ಮ ಸವಾರಿ. ರವಿವಾರ ಬಂತೆಂದರೆ ನಾನು ಸ್ಕೂಟಿಯ ಹಿಂದೆ, ಮಡಿಲಲ್ಲಿ ರೊಟ್ಟಿ ಗಂಟು. ಪವಿತ್ರಾ ಬರೀತಾಳೆ, ನಾನು ಅಳೀತೀನಿ. ನಾನೇ ನೂತ ಕರಿ ಉಣ್ಣೆಯ ನೂಲನ್ನು ಮರಕ್ಕೆ ಒಂದು ಸುತ್ತು ಹಾಕಿ ಕತ್ತರಿಸಿ, ಎಷ್ಟು ತಲೆಯೋ ಅಷ್ಟು ಗಂಟು ಕಟ್ಟಿ ಇಡ್ತೀನಿ. ಅದು ನನ್ನ ಬುಕ್ಕು. ಕೂಡ್ಲಿಗಿ ಕಡೆ ಎರಡು ತಲೆಯವು ಮೂರು ಸಿಕ್ಕವು. ಕೊಟ್ಟೂರಿನಲ್ಲಿ ಸ್ಕೂಟಿ ಎರಡನೇ ಸಲ ಪಂಕ್ಚರ್ ಆದಾಗ ಗ್ಯಾರೇಜಿನ ಖಾದರಸಾಬ್ ಕೇಳಿದ, "ಅಮ್ಮಾ, ನೀವು ಹುಡುಕೋದು ಮರಾನೋ ಮೊಳೇನೋ?" ನಗಾಡಿದರೂ, ಹರಪನಹಳ್ಳಿ ದಾರಿಯಲ್ಲಿ ಮೂರು ತಲೆಯದೊಂದು ಐತಿ ಅಂತ ಹೇಳಿದವನೂ ಅವನೇ. ಹೋಗಿ ನೋಡಿದೆವು, ಖರೆ ಇತ್ತು. ಅವತ್ತು ನನ್ನ ಖುಷಿ ಎಷ್ಟಿತ್ತೆಂದರೆ, ಆ ಹೊಲದವನಿಗೆ ನಮ್ಮ ರೊಟ್ಟಿ ಗಂಟು ಪೂರಾ ಕೊಟ್ಟು ಹಸಿದುಕೊಂಡು ಮನೆಗೆ ಬಂದೆವು. ಹನ್ನೊಂದು ಮರ ಬರೆದೆವು. ಐದು ತಲೆಯದು ಮಾತ್ರ ಎಲ್ಲೂ ಇಲ್ಲ. ಬರಬರುತ್ತಾ ನನಗೇ ಅನುಮಾನ. ಯಜಮಾನರು ಹೇಳಿದ್ದೇ ಖರೆ ಏನೋ, ಕನಸು ಕಂಡೆನೇನೋ ಅಂತ.

ಹೋದ ಮಾಗಿಯಲ್ಲಿ ಹಗರಿಬೊಮ್ಮನಹಳ್ಳಿಯಿಂದ ತಿರುಗಿ ಬರುವಾಗ ರಸ್ತೆ ಪಕ್ಕ ಒಂದು ಕುರಿ ಮಂದೆ. ಮುದುಕನೊಬ್ಬ ಬಗಲಲ್ಲಿ ಎರಡು ಎಳೆ ಮರಿ ಹಿಡಿದು ನಿಂತಿದ್ದ. ತವರಿನವರನ್ನು ಕಂಡಷ್ಟು ಹಿಗ್ಗಾಗಿ ಇಳಿದೆ.

"ನಿನ್ನೆ ಎಲ್ಲಿತ್ತಣ್ಣ ಮುಕ್ಕಾಂ?"

ಅವನು ಕೋಲು ಚಾಚಿ ತೋರಿಸಿದ. ಕಣ್ಣೆದುರಿಗೇ ಒಂದು ಬೇಲಿ! "ಅಗಾ, ಅಲ್ಲಿ. ಕುರಿ ಈದಾವಬೇ. ಎಳೆಮರಿ ಎಲ್ಲಿ ನಡೀತಾವು? ಈ ಬೇಲಿಯಿಂದ ಆ ಬೇಲಿಗೆ ಒಂದು ದಿನ."

ನನಗೆ ಯಾರೋ ತಲೆಗೊಂದು ಮೊಟಕಿದಂಗಾಯಿತು. ಆ ವರ್ಷ ನಮ್ಮ ಕುರಿಯೂ ಈದಿದ್ದವು! ಮರಿಗಳನ್ನು ಕುಕ್ಕೆಯಲ್ಲಿ ಹೊತ್ತು ನಡೆದಾಕಿ ನಾನೇ, ಕುತ್ತಿಗೆ ನೋಯ್ತದೆ ಅಂತ ಅತ್ತಾಕಿಯೂ ನಾನೇ. ಕುರಿಯವರ ಮಗಳಾಗಿ ದೊಡ್ಡ ಕುರಿಯ ನಡಿಗೆ ಲೆಕ್ಕ ಹಿಡಿದು, ಮರಿಯ ನಡಿಗೆ ಮರೆತಿದ್ದೆ. ನಾಲ್ಕು ಮುಕ್ಕಾಂ ಅಂದರೆ ಕೊಟ್ಟೂರಲ್ಲ, ಕೂಡ್ಲಿಗಿಯಲ್ಲ. ನನ್ನ ತವರಿಗೂ ನಾನು ಬಾಳ್ವೆ ಮಾಡೋ ಹಿರೇಹಡಗಲಿಗೂ ನಡುವೆ ಎಲ್ಲೋ! ರಸ್ತೆಯಲ್ಲೇ ನಗು ತಡೆಯದೆ ಕುಕ್ಕರುಬಡಿದೆ. ಪವಿತ್ರಾ ಹೆದರಿ ನೀರಿನ ಬಾಟಲಿ ತೆಗೆದಳು.

ಮುಂದಿನ ರವಿವಾರ ತವರಿನ ದಾರಿಯ ಹಳ್ಳದ ಗುಂಟ ಹೊರಟೆವು. ತವರಿಗೆ ಹೋಗೋ ಬಸ್ಸು ನನ್ನನ್ನು ಎಷ್ಟು ಸಲ ಆ ಹಳ್ಳ ದಾಟಿಸಿಲ್ಲ! ಆದರೆ ದಂಡೆಯೆಲ್ಲ ಬಳ್ಳಾರಿ ಜಾಲಿ ಬೆಳೆದು ಕೋಟೆಯಾಗಿದೆ. ಸೇತುವೆಯಿಂದ ಕೆಳಗಿಳಿದು, ಸೀರೆ ಹರಿಸಿಕೊಂಡು, ಒಂದು ಚಪ್ಪಲಿ ಮುಳ್ಳಿಗೆ ಬಿಟ್ಟು ಹೋದೆ. ಜಾಲಿಯ ಮೇಲೆ ಗರಿ ಕಂಡವು. ಒಂದು, ಎರಡು, ಮೂರು.

ಮೂರೇ.

"ಮೂರೂ ಚೊಲೋ ಐತಲ್ಲಜ್ಜಿ," ಅಂದಳು ಪವಿತ್ರಾ, ಮೆಲ್ಲಗೆ. ಆ ಮೆಲ್ಲಗಿನ ದನಿ ಕೇಳಿ ಅಳು ಬಂತು.

ಹತ್ತಿರ ಹೋಗಿ ನೂಲು ಸುತ್ತೋಣ ಅಂತ ಆ ಕಡೆ ಬಳಸಿದೆ. ಬಳಸಿ ಮೇಲೆ ನೋಡಿದರೆ, ಗರಿ ಇಲ್ಲದ ಎರಡು ಮೋಟು ಕವಲು! ಒಂದರ ತುದಿಯ ಪೊಟರೆಯಿಂದ ಗಿಣಿ ತಲೆ ಹಾಕಿ ನಮ್ಮನ್ನೇ ನೋಡ್ತಿತ್ತು.

"ಪವೀ! ಬಾರಲೇ ಇಲ್ಲಿ!"

ಆಕೆ ಬಂದಳು, ಎಣಿಸಿದಳು. "ಒಣಗಿದ್ದು ಲೆಕ್ಕಕ್ಕ ತಗೋಬೇಕೇನು?" ಅಂತ ತನಗೆ ತಾನೇ ಕೇಳಿಕೊಂಡಳು. ಆಮೇಲೆ ಬುಕ್ಕಿನ ಮೊದಲ ಹಾಳೆ ತೆಗೆದು ಪೆನ್ನು ನನ್ನ ಕೈಗೇ ಕೊಟ್ಟಳು. "ಐದು ಅಂತ ಬರಿ. ಎರಡು ಒಣಗ್ಯಾವ ಅಂತಾನೂ ಬರಿ." ಬರೆದೆ. ಅಕ್ಷರ ಡೊಂಕಾದವು. ಈ ವಯಸ್ಸಿನಲ್ಲಿ, ಒಂದೇ ಚಪ್ಪಲಿಯಲ್ಲಿ, ಮುಳ್ಳಿನ ನಡುವೆ ನಾನು ಕುಣಿದೆ ಅಂದರೆ ನಂಬ್ತೀರಾ?

ಫೋಟೋ ತೋರಿಸಿದರೆ ಯಜಮಾನರು, "ಫೋನಿನ್ಯಾಗ ಏನು ಬೇಕಾದ್ರೂ ಮಾಡ್ತಾರ" ಅಂದರು. ಮರುದಿನ ಮಾತ್ರ ಬಸ್ಸು ಹತ್ತಿ ನನ್ನ ಜತೆ ಬಂದರು. ಸೇತುವೆ ಕೆಳಗಿಳಿದು ಕೋಲೂರಿ ನಿಂತು, ಬೆರಳು ತೋರಿಸುತ್ತಾ ಎಡದಿಂದ ಎಣಿಸಿದರು. ತಿರುಗಿ ಬಲದಿಂದ ಎಣಿಸಿದರು.

"ಅವತ್ತು ನಾನೂ ಇಲ್ಲಿದ್ದಿದ್ರ ನಂಬ್ತಿದ್ದೆ," ಅಂದರು.

"ನೀವು ಇರಲಿಲ್ಲ. ಅದಕ್ಕ ನಿಮಗ ಹೇಳಿದ್ದು," ಅಂದೆ.

ಅವರು ಬಗ್ಗಿ ನನ್ನ ಕಾಲಿಗೆ ಅಂಟಿದ್ದ ಜಾಲಿ ಮುಳ್ಳು ಕಿತ್ತರು.

ಈಗ ಏನಾಗಿದೆ ಗೊತ್ತೇನ್ರಿ? ಮನೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ಎಲ್ಲರೂ ಹೂಂ ಅಂತಾರೆ. ನಂಬದವರ ಮುಂದೆ ಏನು ಬೇಕಾದರೂ ಹೇಳಬಹುದಿತ್ತು, ನಂಬುವವರ ಮುಂದೆ ನಾಲಿಗೆ ತಡೀತದೆ. ಇವತ್ತು ಬೆಳಿಗ್ಗೆ ಪವಿತ್ರಾ ಪೆನ್ನು ಹಿಡಿದು ಬಂದು ಕೂತಳು. "ಮತ್ತೇನೇನು ನೋಡೀಯಜ್ಜಿ? ಹೇಳು, ಬರಕೋತೀನಿ."

ಬಾಯಿತನಕ ಬಂತು. ಕೂಡ್ಲಿಗಿ ಕಾಡಿನಂಚಿನಲ್ಲಿ ಒಂದು ಮುತ್ತುಗ, ಮರದ ತುಂಬ ಬಿಳಿ ಹೂವು. ಎಲ್ಲಾ ಮುತ್ತುಗವೂ ಕೆಂಪಗೆ ಉರಿಯುವಾಗ ಅದೊಂದೇ ಹಾಲು ಚೆಲ್ಲಿದಂಗೆ. ಆದರೆ ಖರೇನ ಬಿಳಿ ಇತ್ತೋ, ಬಿಸಿಲಿಗೆ ಹಂಗೆ ಕಂಡಿತೋ? ಅಪ್ಪನ ಹೆಗಲ ಮೇಲೆ ಅರೆನಿದ್ದೆಯಲ್ಲಿದ್ದೆ.

"ಬಿಳಿ ಮುತ್ತುಗ ನೋಡಿದ ನೆನಪೈತಿ," ಅಂದೆ. "ಆದ್ರ ಬರೀಬ್ಯಾಡ. ನನಗ ಪಕ್ಕಾ ಇಲ್ಲ."

ಪವಿತ್ರಾ ಪೆನ್ನಿನ ಮುಚ್ಚಳ ಹಾಕಿದಳು, ಸ್ಕೂಟಿಯ ಕೀಲಿ ತೆಗೆದಳು. ಯಜಮಾನರು ಆಗಲೇ ಒಳಗೆ ಹೋಗಿ ರೊಟ್ಟಿ ಗಂಟು ಕಟ್ಟುತ್ತಿದ್ದಾರೆ.